ಹಳೆಯ ಜೀಪು: ಕತ್ತರಿಸುವ ಮುನ್ನ ಲೆಕ್ಕ ಹಾಕಬೇಕು

ಹಳೆಯ ಜೀಪೊಂದು ಗ್ಯಾರೇಜಿಗೆ ಬಂದಾಗ ಅದರ ಮಾಲೀಕನ ಮುಂದೆ ಮೂರು ದಾರಿಗಳಿರುತ್ತವೆ. ಎಂಜಿನ್ ಬದಲಿಸಿ, ಬಾಡಿ ಕತ್ತರಿಸಿ, ಅಗಲವಾದ ಟೈರು ತೊಡಿಸಿ ಹೊಸ ರೂಪಕ್ಕೆ ತರುವುದು ಮೊದಲನೆಯದು. ಕಾರ್ಖಾನೆಯಿಂದ ಹೊರಬಂದ ದಿನದ ಸ್ಥಿತಿಗೆ ಮರಳಿಸುವುದು ಎರಡನೆಯದು. ಇದ್ದಂತೆಯೇ ದುರಸ್ತಿ ಮಾಡಿಸಿಕೊಂಡು ಓಡಿಸುವುದು ಮೂರನೆಯದು. ಹವ್ಯಾಸಿಗಳಿಗೆ ಇದು ಅಭಿರುಚಿಯ ವಿಷಯವಿರಬಹುದು. ಆದರೆ ರಾಮನಗರ, ಚನ್ನಪಟ್ಟಣ, ಕನಕಪುರ ಹಾಗೂ ಮಾಗಡಿಯ ಗ್ಯಾರೇಜು, ಲೇತ್ ಮತ್ತು ಬಿಡಿಭಾಗಗಳ ವರ್ತಕರಿಗೆ ಇದು ಶುದ್ಧ ವ್ಯಾಪಾರದ ಪ್ರಶ್ನೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಸಂಸ್ಥೆ ಮುಂಬಯಿಯಲ್ಲಿ ಜೀಪುಗಳ ಜೋಡಣೆಯನ್ನು ಕೈಗೊಂಡಿತು. ನಿಸಾನ್ ಪ್ಯಾಟ್ರೋಲ್ ಮಾದರಿಯನ್ನು ಆಧರಿಸಿದ ಜೋಂಗಾ 1969ರಿಂದ 1999ರವರೆಗೆ ಜಬಲ್ಪುರದಲ್ಲಿ ಸೇನೆಗಾಗಿ ತಯಾರಾಯಿತು. ಮಾರುತಿ ಜಿಪ್ಸಿ ಮಾರುಕಟ್ಟೆಗೆ ಬಂದದ್ದು 1985ರ ಡಿಸೆಂಬರ್‌ನಲ್ಲಿ. ಇವುಗಳಲ್ಲಿ ಎಷ್ಟೋ ವಾಹನಗಳು ಗುಜರಿ ಸೇರಿವೆ. ಉಳಿದ ಪೆಟ್ರೋಲ್ ಜೀಪುಗಳಲ್ಲಿ ಅನೇಕವು ಇಂಧನದ ಖರ್ಚು ತಾಳಲಾರದ ಮಾಲೀಕರ ಕೈಯಲ್ಲಿ ಡೀಸೆಲ್ ಎಂಜಿನ್ ಪಡೆದವು. ಅಂದಿನ ಅಗತ್ಯಕ್ಕೆ ಅದು ತಪ್ಪಾಗಿರಲಿಲ್ಲ. ಆಗ ಜೀಪು ದುಡಿಮೆಯ ಸಾಧನವಾಗಿತ್ತು. ಇಂದು ಮೂಲ ಎಂಜಿನ್ನಿನೊಂದಿಗೆ ಉಳಿದಿರುವ ವಾಹನಗಳು ಕೆಲವೇ ಆಗಿರುವುದರಿಂದ ಪರಿಸ್ಥಿತಿ ಬದಲಾಗಿದೆ.

ಕಾನೂನೂ ಬದಲಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಈ ನಿರ್ಬಂಧವನ್ನು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ನಿಯಮಬಾಹಿರ ಮಾರ್ಪಾಡಿಗೆ ತಲಾ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗಿನ ಸೆರೆವಾಸವನ್ನು ವಿಧಿಸಲು ಅವಕಾಶ ನೀಡಿದೆ. ಇನ್ನೊಂದೆಡೆ, ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಪಾರಂಪರಿಕ ವಾಹನಗಳಿಗೆ ಪ್ರತ್ಯೇಕ ನಿಯಮಗಳನ್ನು ರೂಪಿಸಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಚಾಸಿ, ಬಾಡಿ ಮತ್ತು ಎಂಜಿನ್ ಗಣನೀಯವಾಗಿ ಬದಲಾಗದ ವಾಹನಗಳಿಗೆ ‘ವಿಎ’ ಅಕ್ಷರಗಳುಳ್ಳ ವಿಶೇಷ ಸಂಖ್ಯೆ ದೊರೆಯುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಅವಧಿ 10 ವರ್ಷ. ಮರುನೋಂದಣಿಗೆ 5,000 ರೂಪಾಯಿ. ಆದರೆ ಇಂಥ ವಾಹನವನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ದುರಸ್ತಿ ಮತ್ತು ಇಂಧನ ತುಂಬಿಸುವುದಕ್ಕೆ ಮಾತ್ರ ರಸ್ತೆಗಿಳಿಸಬಹುದು. ನಿತ್ಯ ಬಳಸಬೇಕೆನ್ನುವವರು ಸಾಮಾನ್ಯ ನೋಂದಣಿಯನ್ನೇ ಉಳಿಸಿಕೊಂಡು, 15 ವರ್ಷದ ಬಳಿಕ 5 ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು.

ಈ ನಿಯಮದಲ್ಲಿ ವರ್ತಕರು ಗಮನಿಸಬೇಕಾದ ಸರಳ ಲೆಕ್ಕವೊಂದಿದೆ. ಮೊದಲ ಸಾಲಿನ ಜಿಪ್ಸಿಗಳಿಗೆ 50 ವರ್ಷ ತುಂಬುವುದು 2035ರ ಕೊನೆಯಿಂದಾಚೆಗೆ. ಇಂದು ಗ್ಯಾಸ್ ಕಟರ್‌ಗೆ ಸಿಕ್ಕ ಜಿಪ್ಸಿಗೆ ಅಂದು ಆ ಮಾನ್ಯತೆ ದೊರೆಯುವುದಿಲ್ಲ. ಕೆಲವು ಸಾವಿರ ರೂಪಾಯಿ ಕೂಲಿಯ ಕೆಲಸವೊಂದು ಆ ವಾಹನದ ಮುಂದಿನ ಮೌಲ್ಯವನ್ನೇ ಅಳಿಸಿಹಾಕಬಹುದು.

ಮಾರ್ಪಾಡಿನ ಪರವಾಗಿ ವಾದಿಸುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ವಾಹನ ಮಾಲೀಕನ ಸ್ವತ್ತು. ಮೂಲ ಬಿಡಿಭಾಗಗಳು ದುರ್ಲಭ. ಹಳೆಯ ಬ್ರೇಕು ಇಂದಿನ ಹೆದ್ದಾರಿಯ ವೇಗಕ್ಕೆ ಸಾಲದು. ಈಗಾಗಲೇ ಎಂಜಿನ್, ಗೇರ್‌ಬಾಕ್ಸ್ ಎರಡನ್ನೂ ಕಳೆದುಕೊಂಡ, ಇಂದಿಗೂ ಸಾಕಷ್ಟು ಸಂಖ್ಯೆಯಲ್ಲಿ ಸಿಗುವ ಮಾದರಿಯ ಜೀಪನ್ನು ಸಾರಿಗೆ ಇಲಾಖೆಯ ಅನುಮತಿ ಪಡೆದು ಕೆಲಸಕ್ಕೆ ತಕ್ಕಂತೆ ಸಜ್ಜುಗೊಳಿಸಿದರೆ ನಷ್ಟವೇನಿಲ್ಲ. ಎಲ್ಲ ಹಳೆಯ ವಾಹನಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೆ ಮೂಲ ಎಂಜಿನ್ ಮತ್ತು ಚಾಸಿ ಸಂಖ್ಯೆಗಳು ಆರ್.ಸಿ. ಪುಸ್ತಕದೊಂದಿಗೆ ತಾಳೆಯಾಗುವ ವಿಲ್ಲೀಸ್ ಅಥವಾ ಜೋಂಗಾ ದೊರೆತರೆ ಅದನ್ನು ಕತ್ತರಿಸಲಾಗದು. ನಟ್ಟು-ಬೋಲ್ಟಿನಿಂದ ಸೇರಿಸಿದ್ದನ್ನು ನಾಳೆ ಬಿಚ್ಚಬಹುದು. ಕತ್ತರಿಸಿ ಬೆಸುಗೆ ಹಾಕಿದ್ದನ್ನು ಹಿಂದಿನ ಸ್ಥಿತಿಗೆ ತರುವುದು ದುಸ್ಸಾಧ್ಯ. ಸುರಕ್ಷತೆಗಾಗಿ ಕಳಚಿದ ಭಾಗವನ್ನು ಗುಜರಿಗೆ ಹಾಕದೆ ವಾಹನದ ಜೊತೆಯಲ್ಲೇ ಮಾಲೀಕನಿಗೆ ಒಪ್ಪಿಸುವುದು ಪ್ರತಿ ಗ್ಯಾರೇಜಿನ ಕ್ರಮವಾಗಬೇಕು.

ಮೂಲದ ಬೆಲೆ ಏನೆಂಬುದು ಈ ಭಾಗದ ಜನರಿಗೆ ಹೊಸದಲ್ಲ. ಆಲೆಮರ, ಅರಗು ಮತ್ತು ಕುಶಲಕರ್ಮಿಯ ಕೈಚಳಕ ಉಳಿದಿರುವುದರಿಂದಲೇ ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಪ್ಲಾಸ್ಟಿಕ್ಕಿನಲ್ಲಿ ಮಾಡಿದರೆ ಅದೂ ಗೊಂಬೆಯೇ, ಆದರೆ ಚನ್ನಪಟ್ಟಣದ್ದಲ್ಲ. ರಾಮನಗರದ ಬೆಟ್ಟಗಳ ನಡುವೆ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದ ಮೋಟಾರ್‌ಸೈಕಲ್ಲು ಮತ್ತೊಂದು ನಿದರ್ಶನ. 1942ರ ಆ ಬಿಎಸ್‌ಎ ವಾಹನ 2025ರಲ್ಲಿ ಗೋವಾದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಪ್ರದರ್ಶನಕ್ಕಿತ್ತು. ಅದನ್ನು ಯಾರಾದರೂ ಹೊಸ ಮಾದರಿಗೆ ಬದಲಿಸಿದ್ದರೆ ನೋಡಲು ಯಾರೂ ನಿಲ್ಲುತ್ತಿರಲಿಲ್ಲ.

ಪುನಶ್ಚೇತನವೆಂದರೆ ಬಣ್ಣ ಬಳಿದು ಗಾಜಿನ ಪೆಟ್ಟಿಗೆಯಲ್ಲಿಡುವುದಲ್ಲ. ನಿಂತ ವಾಹನದ ರಬ್ಬರು ಸೀಲುಗಳು ಒಣಗುತ್ತವೆ, ಬ್ರೇಕ್ ಸಿಲಿಂಡರು ತುಕ್ಕು ಹಿಡಿಯುತ್ತದೆ, ಟ್ಯಾಂಕಿನ ಪೆಟ್ರೋಲು ಕೆಡುತ್ತದೆ. ಆದ್ದರಿಂದ ಮಿತವಾಗಿಯಾದರೂ ಓಡಿಸಲೇಬೇಕು. ಶೇ. 20ರಷ್ಟು ಎಥೆನಾಲ್ ಬೆರೆತ ಇಂದಿನ ಪೆಟ್ರೋಲಿಗೆ ಹಳೆಯ ಕಾರ್ಬ್ಯುರೇಟರಿನ ರಬ್ಬರು ಭಾಗಗಳು ಮತ್ತು ಇಂಧನದ ಕೊಳವೆಗಳು ಬಹುಕಾಲ ತಾಳಲಾರವು. ಇವನ್ನು ಎಥೆನಾಲ್ ತಾಳುವ ವಸ್ತುವಿನಲ್ಲಿ ತಯಾರಿಸಬೇಕು. ಬುಷ್, ಗ್ಯಾಸ್ಕೆಟ್, ಪಟ್ಟಾ ಸ್ಪ್ರಿಂಗಿನ ಪಿನ್ನು ಮೊದಲಾದವುಗಳನ್ನೂ ತಯಾರಿಸಬೇಕಾಗುತ್ತದೆ. ದೊಡ್ಡ ಕಾರ್ಖಾನೆಗಳಿಗೆ ಹತ್ತಿಪ್ಪತ್ತು ಬಿಡಿಭಾಗಗಳ ಬೇಡಿಕೆ ಲಾಭ ತರುವುದಿಲ್ಲ. ಬಿಡದಿ, ಹಾರೋಹಳ್ಳಿಯ ಸಣ್ಣ ಘಟಕಗಳಿಗೆ ಅದೇ ತಕ್ಕ ಅವಕಾಶ. ಮಾರ್ಪಾಡು ಒಮ್ಮೆ ಮುಗಿಯುವ ಕೆಲಸ. ಮೂಲರೂಪದಲ್ಲಿ ಓಡುವ ವಾಹನ ವರ್ಷವರ್ಷವೂ ಗ್ಯಾರೇಜಿಗೆ ಮರಳುತ್ತದೆ.

ಎಲ್ಲಿ ಓಡಿಸಬೇಕೆಂಬುದಕ್ಕೂ ಶಿಸ್ತು ಬೇಕು. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಸಂರಕ್ಷಿತ ತಾಣ. ಕನಕಪುರದತ್ತ ಕಾವೇರಿ ವನ್ಯಜೀವಿಧಾಮ ಮತ್ತು ಬನ್ನೇರುಘಟ್ಟ ಅರಣ್ಯಗಳಿವೆ. ಇಂಥ ಕಡೆ ಹವ್ಯಾಸಕ್ಕಾಗಿ ಜೀಪು ನುಗ್ಗಿಸಿದರೆ ಪ್ರಕರಣ ದಾಖಲಾಗುವುದಲ್ಲದೆ ಇಡೀ ವ್ಯವಹಾರಕ್ಕೇ ಕೆಟ್ಟ ಹೆಸರು ಬರುತ್ತದೆ. ಮಾಲೀಕರ ಒಪ್ಪಿಗೆ ಪಡೆದ ಖಾಸಗಿ ಜಮೀನುಗಳೇ ಇದಕ್ಕೆ ಯೋಗ್ಯ.

ಈ ದಿಸೆಯಲ್ಲಿ ವಾಣಿಜ್ಯ ಸಂಘಗಳು ಮಾಡಬಹುದಾದ ಕಾರ್ಯಗಳು ದುಬಾರಿಯಲ್ಲ. ನಾಲ್ಕೂ ತಾಲ್ಲೂಕುಗಳಲ್ಲಿ ಹಳೆಯ ಜೀಪಿನ ಕೆಲಸ ಬಲ್ಲ ಮೆಕ್ಯಾನಿಕ್‌ಗಳ, ಲೇತ್ ಹಾಗೂ ಎರಕದ ಘಟಕಗಳ ಪಟ್ಟಿ ಸಿದ್ಧವಾಗಬೇಕು. ಪ್ರತಿ ಕೆಲಸಕ್ಕೂ ಕಳಚಿದ ಭಾಗ, ಜೋಡಿಸಿದ ಭಾಗ ಹಾಗೂ ಛಾಯಾಚಿತ್ರಗಳ ಲಿಖಿತ ದಾಖಲೆ ಇರಬೇಕು. ಮುಂದೆ ಕೊಳ್ಳುವವರು ಬೆಲೆ ಕಟ್ಟುವಾಗ ಕೇಳುವುದು ಇದನ್ನೇ. ಹಿರಿಯ ಮೆಕ್ಯಾನಿಕ್‌ಗಳ ಕೈಯಲ್ಲಿರುವ ವಿದ್ಯೆ ಕಿರಿಯರಿಗೆ ದಾಟುವಂತೆ ಅಲ್ಪಾವಧಿಯ ತರಬೇತಿಗಳು ನಡೆಯಬೇಕು. ಕತ್ತರಿಸುವ ಕೌಶಲ ಎಲ್ಲ ಊರುಗಳಲ್ಲೂ ಸಿಗುತ್ತದೆ. ಉಳಿಸಿ, ಓಡಿಸಿ ತೋರಿಸುವ ಕೌಶಲವನ್ನು ಈ ನಾಲ್ಕು ಪೇಟೆಗಳು ತಮ್ಮದಾಗಿಸಿಕೊಂಡರೆ ಬೆಂಗಳೂರಿನ ಗಿರಾಕಿ ತಾನಾಗಿಯೇ ಇತ್ತ ಬರುವನು.