ಮಂಟಪ ಸಿದ್ಧ, ಮದುಮಗನೇ ಇಲ್ಲ!

ವೃತ್ತಿಪರ ಐಸ್ ಹಾಕಿ ತಂಡವನ್ನು ಸಾಕಲು ಯೋಗ್ಯವಾದ ಊರು ಯಾವುದು? ಅಮೆರಿಕ, ಕೆನಡಾಗಳಲ್ಲಿ ಈ ಪ್ರಶ್ನೆ ಎದ್ದಾಗಲೆಲ್ಲ ಮೊದಲು ಕೇಳುವ ಮಾತು ಒಂದೇ: 'ತಕ್ಕ ಕ್ರೀಡಾಂಗಣ ಇದೆಯೇ?' ಇದ್ದರೆ ಊರು ಯೋಗ್ಯ, ಇಲ್ಲದಿದ್ದರೆ ಅಯೋಗ್ಯ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಗೆಳೆಯರೇ, ನಂಬಬೇಡಿ. ಕಟ್ಟಡದ ಮಾತು ಬರೀ ಮುಖವಾಡ. ಅದರ ಹಿಂದಿನ ಮುಖ ಡಾಲರಿನದು. ಸಾಕ್ಷಿ ಬೇಕೇ? ಕ್ವಿಬೆಕ್ ನಗರವನ್ನು ನೋಡಿ.

ಹಿಮವನ್ನೇ ಕಾಣದ ನಮಗೇಕೆ ಆ ಊರಿನ ಉಸಾಬರಿ ಅನ್ನುತ್ತೀರಾ? ಇಂಗ್ಲಿಷ್ ಕಡಲಿನ ನಡುವೆ ತನ್ನ ನುಡಿಯನ್ನು ಬಿಡದೆ ಹಿಡಿದುಕೊಂಡ ಜನರ ರಾಜಧಾನಿ ಅದು. 1977ರಲ್ಲಿ 'ಫ್ರೆಂಚ್ ಭಾಷಾ ಸನ್ನದು' ಎಂಬ ಕಾನೂನು ಮಾಡಿ ಆಡಳಿತ, ಶಾಲೆ, ಅಂಗಡಿ, ಕಾರ್ಖಾನೆಗಳಲ್ಲೆಲ್ಲ ಫ್ರೆಂಚನ್ನು ನಿಲ್ಲಿಸಿದ ಪ್ರಾಂತ್ಯ ಅದು. ಅವರ ಕಥೆ ನಮಗೆ ದೂರದ್ದಲ್ಲ.

ಮೊದಲು ಕಟ್ಟಡದ ಲೆಕ್ಕವನ್ನೇ ಮಾಡೋಣ. ಐಸ್ ಹಾಕಿಯ ಅಂಕಣ 200 ಅಡಿ ಉದ್ದ, 85 ಅಡಿ ಅಗಲ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಅಂಕಣ 94 ಅಡಿ ಉದ್ದ, 50 ಅಡಿ ಅಗಲ. ಅಂದರೆ ಹಾಕಿಗೆ ಅದರ ಮೂರೂವರೆ ಪಟ್ಟಿಗಿಂತ ಹೆಚ್ಚು ನೆಲ ಬೇಕು. ಬ್ಯಾಸ್ಕೆಟ್‌ಬಾಲಿಗೆಂದು ಕಟ್ಟಿದ ಕಡೆ ಹಾಕಿ ಆಡಿಸಿದರೆ ಏನಾಗುತ್ತದೆ? ನಾನು ಪ್ರೆಸ್ಸಿನವನು, ನನ್ನ ಕಸುಬಿನ ಮಾತಿನಲ್ಲೇ ಹೇಳುತ್ತೇನೆ. ಲಗ್ನಪತ್ರಿಕೆ ಹೊಡೆಯುವ ಟ್ರೆಡಲ್ ಮೆಷಿನ್ನಿಗೆ ಸಿನಿಮಾ ಪೋಸ್ಟರಿನ ಹಾಳೆ ತುರುಕಿದ ಹಾಗೆ ಆಗುತ್ತದೆ. ಒಂದು ಅಂಚು ಹೊರಗೇ ಉಳಿಯುತ್ತದೆ. ಹಾಕಿಯಲ್ಲಿ ಆ ಅಂಚು ಎಂದರೆ ಗೋಲು! ದುಡ್ಡು ಕೊಟ್ಟು ಕೂತವನಿಗೆ ಒಂದು ಕಡೆಯ ಗೋಲೇ ಕಾಣುವುದಿಲ್ಲ.

ನೆಲದಡಿಯ ಕೆಲಸವೂ ಇದೆ. ಕಾಂಕ್ರೀಟಿನೊಳಗೆ ಕೊಳವೆಗಳ ಜಾಲ ಹಾಸಿ, ಕೊರೆಯುವ ದ್ರವ ಹರಿಸಿ, ಮೇಲೆ ಒಂದಂಗುಲ, ಒಂದೂಕಾಲು ಅಂಗುಲ ಮಂಜುಗಡ್ಡೆ ಕಟ್ಟಿಸಬೇಕು. ಒಳಗಿನ ಗಾಳಿಯ ತೇವವನ್ನು ಹೀರಬೇಕು. ತವರಿನಲ್ಲಿ ನಡೆಯುವ 40ಕ್ಕೂ ಹೆಚ್ಚು ಪಂದ್ಯಗಳಿಗೆ ದಿನ ಬಿಟ್ಟುಕೊಡಬೇಕು.

ಈ ಲೆಕ್ಕ ತಪ್ಪಿದವರು ಅನುಭವಿಸಿದ್ದಾರೆ. 2015ರಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡ ಬ್ರೂಕ್ಲಿನ್ನಿನ ಬಾರ್‌ಕ್ಲೇಸ್ ಸೆಂಟರಿಗೆ ಬಂತು. ಕಟ್ಟಡ ಹೊಸದು, ಥಳಥಳ ಹೊಳೆಯುತ್ತಿತ್ತು. ಆದರೆ ಅದು ಬ್ಯಾಸ್ಕೆಟ್‌ಬಾಲಿನ ಮನೆ. ಸ್ಕೋರ್‌ಬೋರ್ಡು ಹಾಕಿ ಅಂಕಣದ ನಡುವೆ ಬಾರದೆ ಒಂದು ಪಕ್ಕಕ್ಕೆ ತೂಗುತ್ತಿತ್ತು. ಮಂಜುಗಡ್ಡೆ ಸರಿಯಿಲ್ಲವೆಂದು ಆಟಗಾರರೇ ದೂರಿದರು. ಕಡೆಗೆ 2021ರಲ್ಲಿ ತಂಡ ಹಾಕಿಗೆಂದು ಕಟ್ಟಿಸಿದ ಬೇರೆ ಕ್ರೀಡಾಂಗಣಕ್ಕೆ ಹೋಯಿತು. ಸಿಯಾಟಲ್ ನಗರದವರು ಜಾಣರು. 1962ರ ಹಳೆಯ ಮಾಡನ್ನು ಹಾಗೆಯೇ ನಿಲ್ಲಿಸಿ, ಅದರಡಿಯಲ್ಲಿ ಆಳಕ್ಕೆ ಅಗೆದು, ಹಾಕಿಗೆ ಸಾಲುವಷ್ಟು ನೆಲ ಮಾಡಿಕೊಂಡರು. 2021ರಲ್ಲಿ ಅವರ ತಂಡ ಅಲ್ಲಿ ಆಡಲಿಳಿಯಿತು.

ಈಗ ಕ್ವಿಬೆಕ್ ನಗರಕ್ಕೆ ಬನ್ನಿ. ಅಲ್ಲಿ ನಾರ್ಡಿಕ್ಸ್ ಎಂಬ ತಂಡವಿತ್ತು. 1979ರಲ್ಲಿ ನ್ಯಾಷನಲ್ ಹಾಕಿ ಲೀಗ್ ಸೇರಿತ್ತು. ಪ್ರಾಂತ್ಯದ ಬಾವುಟದಲ್ಲಿರುವ ಲಿಲಿ ಹೂವೇ ಆಟಗಾರರ ಅಂಗಿಯ ಮೇಲೂ ಇತ್ತು. ಆಡುತ್ತಿದ್ದುದು 1949ರ ಹಳೆಯ ಕೊಲಿಸೆಯಲ್ಲಿ. ಆದಾಯ ಕೆನಡಾ ಡಾಲರಿನಲ್ಲಿ, ಆಟಗಾರರ ಸಂಬಳ ಅಮೆರಿಕದ ಡಾಲರಿನಲ್ಲಿ! ನಷ್ಟ ಬೆಳೆಯಿತು. ಹೊಸ ಕ್ರೀಡಾಂಗಣ, ಸರ್ಕಾರದ ನೆರವು ಬೇಕೆಂದು ಮಾಲೀಕರು ಕೇಳಿದರು. ಸಿಗಲಿಲ್ಲ. 1995ರಲ್ಲಿ ತಂಡವನ್ನು 7.5 ಕೋಟಿ ಅಮೆರಿಕನ್ ಡಾಲರಿಗೆ ಮಾರಿದರು. ತಂಡ ಡೆನ್ವರ್ ಸೇರಿ ಹೆಸರು ಬದಲಿಸಿಕೊಂಡಿತು. ಮರುವರ್ಷ, 1996ರಲ್ಲೇ, ಸ್ಟ್ಯಾನ್ಲಿ ಕಪ್ ಗೆದ್ದಿತು! ಉತ್ತವರು ಒಬ್ಬರು, ಉಂಡವರು ಇನ್ನೊಬ್ಬರು.

ಹಾಗಾದರೆ ಹೊಸ ಕ್ರೀಡಾಂಗಣ ಕಟ್ಟಿದರೆ ತಂಡ ಬರುತ್ತದೆ ಎಂದು ಆ ಜನ ನಂಬಿದರು. ಕಟ್ಟಿಯೇಬಿಟ್ಟರು. 2015ರಲ್ಲಿ ವಿಡಿಯೋಟ್ರಾನ್ ಸೆಂಟರ್ ಬಾಗಿಲು ತೆರೆಯಿತು. ಖರ್ಚು ಸುಮಾರು 37 ಕೋಟಿ ಕೆನಡಾ ಡಾಲರ್, ಹೊರೆ ನಗರಾಡಳಿತದ್ದು ಮತ್ತು ಪ್ರಾಂತ್ಯ ಸರ್ಕಾರದ್ದು. ಹಾಕಿಗೆಂದೇ ಅಳತೆ ಹಾಕಿದ ನೆಲ, 18,259 ಆಸನ. ಅದೇ ವರ್ಷ ಕ್ವಿಬೆಕೋರ್ ಎಂಬ ಮಾಧ್ಯಮ ಕಂಪನಿ ತಂಡ ಕೊಡಿ ಎಂದು ಲೀಗಿಗೆ ಅರ್ಜಿ ಹಾಕಿತು. ಲಾಸ್ ವೇಗಸ್ ಕೂಡ ಹಾಕಿತು. 2016ರಲ್ಲಿ ತೀರ್ಪು ಬಂತು: ಮರುಭೂಮಿಯ ಜೂಜುಕಟ್ಟೆಗೆ ತಂಡ, ಹಿಮದ ಊರಿಗೆ 'ಆಮೇಲೆ ನೋಡೋಣ'!

ಕಾರಣವೇನಂತೆ? ಕೆನಡಾ ಡಾಲರ್ ಇಳಿದಿದೆ, ಪೂರ್ವದಲ್ಲಿ ತಂಡಗಳು ಹೆಚ್ಚಾಗಿವೆ, ಪಶ್ಚಿಮದಲ್ಲಿ ಕಡಿಮೆ. ಒಪ್ಪೋಣ. ಸಿಯಾಟಲ್ ಸೇರಿದ ಮೇಲೆ ಎರಡೂ ಕಡೆ ಹದಿನಾರು ಹದಿನಾರು, ತಕ್ಕಡಿ ಸಮವಾಯಿತು. ಆದರೂ ಕ್ವಿಬೆಕ್ಕಿಗೆ ಕರೆ ಬಂತೇ? ಇಲ್ಲ. ಊರು ಸಣ್ಣದು, ಡಾಲರ್ ಸವಕಲು ಅನ್ನುತ್ತಾರೆ. ಹಾಗಾದರೆ ವಿನಿಪೆಗ್ ಏನು ಮಹಾನಗರವೇ? ಅದೂ ಕೆನಡಾದ್ದೇ, ಅದೂ ಹೆಚ್ಚು ಕಡಿಮೆ ಅಷ್ಟೇ ದೊಡ್ಡದು. ಅದರ ಕ್ರೀಡಾಂಗಣದಲ್ಲಿ 15 ಸಾವಿರ ಚಿಲ್ಲರೆ ಆಸನ, ಲೀಗಿನಲ್ಲೇ ಅತಿ ಸಣ್ಣವುಗಳಲ್ಲೊಂದು. 1996ರಲ್ಲಿ ತಂಡ ಕಳೆದುಕೊಂಡಿದ್ದ ಆ ಊರಿಗೆ 2011ರಲ್ಲಿ ಅಟ್ಲಾಂಟಾದ ತಂಡ ಬಂತು. ಅಟ್ಲಾಂಟಾದ ತಂಡ ಮಾರಾಟಕ್ಕಿತ್ತು, ಕೊಳ್ಳಲು ಲೀಗಿಗೆ ಒಪ್ಪಿಗೆಯಾದ ಶ್ರೀಮಂತರಿದ್ದರು. ಅಷ್ಟೇ ವಿಷಯ!

ಇನ್ನೂ ಸ್ಪಷ್ಟವಾದ ಸಾಕ್ಷಿ ಕೇಳಿ. ಅರಿಜೋನಾದ ತಂಡ 2022ರಿಂದ ಎರಡು ವರ್ಷ ಆಡಿದ್ದು ಒಂದು ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ. ಸುಮಾರು ಐದು ಸಾವಿರ ಆಸನ! ಅದನ್ನು ಲೀಗು ಸಹಿಸಿಕೊಂಡಿತು. 2024ರಲ್ಲಿ ಆ ಆಟಗಾರರನ್ನೆಲ್ಲ ಸಾಲ್ಟ್ ಲೇಕ್ ಸಿಟಿಗೆ ಸಾಗಿಸಿದರು. ಅಲ್ಲಿನದು 1991ರಲ್ಲಿ ಬ್ಯಾಸ್ಕೆಟ್‌ಬಾಲಿಗೆ ಕಟ್ಟಿದ ಮನೆ. ಹೋದ ಹೊಸದರಲ್ಲಿ ಸಾವಿರಾರು ಆಸನಗಳಿಂದ ಒಂದು ಕಡೆಯ ಗೋಲು ಸರಿಯಾಗಿ ಕಾಣುತ್ತಿರಲಿಲ್ಲ. ಆದರೆ ಮಾಲೀಕ 120 ಕೋಟಿ ಡಾಲರಿನ ವ್ಯವಹಾರ ಕುದುರಿಸಿದ್ದ. ಕೂಡಲೇ ಆ ಕ್ರೀಡಾಂಗಣ 'ಯೋಗ್ಯ'ವಾಯಿತು! ಗೋಲು ಕಾಣದ ಕಡೆ ತಂಡ, ಗೋಲು ಕಾಣುವ ಕಡೆ ತಂಡವಿಲ್ಲ. ಹಲ್ಲಿದ್ದಲ್ಲಿ ಕಡಲೆಯಿಲ್ಲ, ಕಡಲೆಯಿದ್ದಲ್ಲಿ ಹಲ್ಲಿಲ್ಲ.

ಖಾಲಿ ಕ್ರೀಡಾಂಗಣದಿಂದ ಲೀಗಿಗೆ ಇನ್ನೊಂದು ಲಾಭವೂ ಇದೆ. ಕ್ಯಾನ್ಸಸ್ ಸಿಟಿ 2007ರಲ್ಲಿ ದೊಡ್ಡ ಕ್ರೀಡಾಂಗಣ ಕಟ್ಟಿ ತಂಡಕ್ಕಾಗಿ ಕಾದಿತ್ತು. ಅದೇ ವರ್ಷ ಪಿಟ್ಸ್‌ಬರ್ಗ್ ತಂಡದವರು ಅಲ್ಲಿಗೆ ಹೋಗಿ ನೋಡಿಬಂದರು. 'ಹೊಸ ಮನೆ ಕಟ್ಟಿಕೊಡದಿದ್ದರೆ ಅಲ್ಲಿಗೆ ಹೊರಟೆವು' ಎಂಬ ಬೆದರಿಕೆ ತಮ್ಮ ಊರಿಗೆ ಮುಟ್ಟಿತು. 2010ರಲ್ಲಿ ಪಿಟ್ಸ್‌ಬರ್ಗಿನಲ್ಲೇ ಹೊಸ ಕ್ರೀಡಾಂಗಣ ಸಿಕ್ಕಿತು. ಹೋಗುವ ಉದ್ದೇಶವೇ ಇರಲಿಲ್ಲ, ಒತ್ತಡ ಹಾಕಲು ಹಾಗೆ ಮಾಡಿದೆವು ಎಂದು ಮಾಲೀಕ ಮಾರಿಯೋ ಲೆಮ್ಯೂ ತಾವೇ ಆಮೇಲೆ ಹೇಳಿದರು. ಕ್ಯಾನ್ಸಸ್ ಸಿಟಿ ಬೆದರುಬೊಂಬೆಯಾಯಿತು!

ಕ್ವಿಬೆಕ್ ಸರ್ಕಾರಕ್ಕೆ ಇದು ಅರ್ಥವಾಗಿದೆಯೇ? 2024ರ ಅಕ್ಟೋಬರಿನಲ್ಲಿ ಲಾಸ್ ಏಂಜಲೀಸಿನ ತಂಡವನ್ನು ಕರೆಸಿ ಎರಡು ಅಭ್ಯಾಸ ಪಂದ್ಯ ಆಡಿಸಲು 50ರಿಂದ 70 ಲಕ್ಷ ಡಾಲರ್ ಕೊಡಲು ಸರ್ಕಾರ ಮುಂದಾಯಿತು. ಜನ ಸಿಟ್ಟಾದರು. ಆಗದೆ ಇರುತ್ತಾರೆಯೇ? ಮನೆಯನ್ನೂ ಕಟ್ಟಿ, ನೆಂಟರಿಗೆ ಕೈಮುಗಿದು, ಬಂದವರಿಗೆ ದಕ್ಷಿಣೆಯನ್ನೂ ಕೊಡಬೇಕೇ?

ನನ್ನ ಅಭಿಪ್ರಾಯ ಇಷ್ಟು. ಕಟ್ಟಡದ ಅಳತೆಯಲ್ಲಿ, ಆಟದ ಪ್ರೀತಿಯಲ್ಲಿ ಕ್ವಿಬೆಕ್ಕಿಗಿಂತ ಯೋಗ್ಯವಾದ ಖಾಲಿ ಊರು ಇನ್ನೊಂದಿಲ್ಲ. ಮುಂದಿನ ತಂಡ ಅದರದೇ ಆಗಬೇಕು. ಆದರೆ ಅದಕ್ಕಾಗಿ ತೆರಿಗೆಯ ಇನ್ನೊಂದು ಕಾಸೂ ಹೋಗಬಾರದು. ಮುಂಗಡ ಕೊಡದವನಿಗೆ ಯಾವ ಪ್ರೆಸ್ಸಿನವನೂ ಹತ್ತು ಸಾವಿರ ಕರಪತ್ರ ಹೊಡೆದಿಡುವುದಿಲ್ಲ. ಲೀಗಿನಿಂದ ಬರಹದಲ್ಲಿ ಮಾತು ಪಡೆಯದೆ ಯಾವ ಊರೂ ಇಟ್ಟಿಗೆ ಇಡಬಾರದು.

ಅಲ್ಲಿಯವರೆಗೆ ಆ ಮನೆ ಪಾಳು ಬಿದ್ದಿಲ್ಲ ಎಂಬುದೇ ಸಮಾಧಾನ. ಊರಿನ ಯುವಕರ ತಂಡ ರಾಂಪಾರ್ ಅಲ್ಲೇ ಆಡುತ್ತದೆ. 2023ರಲ್ಲಿ ಮೆಮೋರಿಯಲ್ ಕಪ್ ಗೆದ್ದ ತಂಡ ಅದು. 2025ರ ಜನವರಿಯಲ್ಲಿ ಮಹಿಳೆಯರ ವೃತ್ತಿಪರ ಲೀಗಿನ ಪಂದ್ಯ ನಡೆದಾಗ ಕ್ರೀಡಾಂಗಣ ತುಂಬಿ ತುಳುಕಿತು. ಕೂಗಿದ್ದು ಯಾವ ಭಾಷೆಯಲ್ಲಿ ಎಂದು ನಾನು ಹೇಳಬೇಕಾಗಿಲ್ಲ.

ತಮ್ಮಂದಿರೇ, ತಂಗಿಯರೇ, ನಾಳೆ ಯಾರಾದರೂ ಬಂದು 'ನಿಮ್ಮ ಊರು ಯೋಗ್ಯವಲ್ಲ' ಎಂದರೆ ತಲೆ ತಗ್ಗಿಸಬೇಡಿ. ಅಳತೆಗೋಲು ಯಾರ ಕೈಯಲ್ಲಿದೆ, ಅದಕ್ಕೆ ಗುರುತು ಹಾಕಿದವರು ಯಾರು ಎಂದು ಮೊದಲು ಕೇಳಿ. ಕಿಸೆಗೆ ಕೈ ಹಾಕುವುದು ಆಮೇಲಿನ ಮಾತು.