ಹಕ್ಕಿಗೆ ವೀಕೆಂಡ್ ಇಲ್ಲ

ಶುಕ್ರವಾರ ರಾತ್ರಿ ಬೆಂಗಳೂರಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಶನಿವಾರ ಬೆಳಗ್ಗೆ ಕೊಪ್ಪಳ. ಭಾನುವಾರ ರಾತ್ರಿ ಮತ್ತೆ ಅದೇ ರೈಲು. ಲ್ಯಾಪ್‌ಟಾಪ್ ಬ್ಯಾಗಿನ ಪಕ್ಕದಲ್ಲಿ ಕ್ಯಾಮೆರಾ ಬ್ಯಾಗು, ಅದರೊಳಗೆ ಕಂತಿನ ಮೇಲೆ ಕೊಂಡ 600 ಮಿ.ಮೀ. ಲೆನ್ಸು. ಹಕ್ಕಿ ಫೋಟೋ ತೆಗೆಯುವ ನಮ್ಮಂಥ ನೌಕರರಿಗೆ ಸಿಗೋದು ಹೆಚ್ಚೆಂದರೆ ಎರಡು ಬೆಳಗು, ಎರಡು ಸಂಜೆ. ಆ ನಾಲ್ಕರಲ್ಲೇ ಮೋಡ ಕವಿದರೆ, ಗಾಳಿ ಎದ್ದರೆ, ಬಿಸಿಲು ಬೇಗ ಏರಿದರೆ ನಾವು ಏನು ಮಾಡ್ತೀವಿ ಅನ್ನೋದರ ಬಗ್ಗೆ ನನಗೆ ತಕರಾರಿದೆ. ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ, ಊರಿನವರ ಸುದ್ದಿ ಆಮೇಲೆ.

ನಾನು ಯಲಬುರ್ಗಾ ತಾಲ್ಲೂಕಿನವನು. ಕೆಲವು ವರ್ಷಗಳ ಹಿಂದೆ, ಒಂದು ಏಪ್ರಿಲ್ ಶನಿವಾರ, ಕುಷ್ಟಗಿ ಕಡೆಯ ಮಸಾರಿ ಬಯಲಿಗೆ ಹೋಗಿದ್ದೆ. ಬಸ್ಸು ತಡವಾಗಿ, ತಲುಪಿದಾಗ ಹನ್ನೊಂದೂವರೆ. ಹಳದಿ ಟಿಟ್ಟಿಭವೊಂದು ಕಲ್ಲುಗಳ ನಡುವೆ ನಾಲ್ಕು ಮೊಟ್ಟೆ ಇಟ್ಟಿತ್ತು. ಈ ಹಕ್ಕಿ ಗೂಡು ಕಟ್ಟುವುದಿಲ್ಲ. ಬರಿ ನೆಲದ ಮೇಲೇ ಇಡುತ್ತದೆ. ಅದು ಮೊಟ್ಟೆಗಳ ಮೇಲೆ ಕೂತಿರಲಿಲ್ಲ, ನಿಂತಿತ್ತು, ರೆಕ್ಕೆ ಅರೆಬಿಚ್ಚಿಕೊಂಡು. ಕಾವು ಕೊಡ್ತಿಲ್ಲ, ನೆರಳು ಕೊಡ್ತಿದೆ ಅಂತ ನನಗೆ ಹೊಳೆಯಲೇ ಇಲ್ಲ. ಹತ್ತಿರ ಹೋದೆ. ಹಾರಿತು. ಬಂದೇ ಬರುತ್ತೆ ಅಂತ ನೆಲಕ್ಕೆ ಬೋರಲು ಮಲಗಿ ಕಾದೆ. ಅದು ನನ್ನ ತಲೆ ಮೇಲೇ ಸುತ್ತು ಹೊಡೆಯುತ್ತ ಕಿರುಚುತ್ತಿತ್ತು.

ಅಷ್ಟರಲ್ಲಿ ಕುರಿ ಕಾಯುವವರೊಬ್ಬರು ಬಂದರು. ‘ಏನ್ರಿ ಸರ, ಏನು ಮಾಡಾಕತ್ತೀರಿ?’

‘ಹಕ್ಕಿ ಫೋಟೋ ತಗಿಯಾಕತ್ತೀನಿ ಕಾಕಾ. ಬಂದು ಕೂಡ್ಲಿ ಅಂತ ಕಾಯಾಕತ್ತೀನಿ.’

ನನ್ನ ಮಾತು ಕೇಳಿದ್ದೇ ‘ಸರ’ ಹೋಯಿತು. ‘ನೀ ಅಲ್ಲೇ ಬಿದ್ಕೊಂಡ್ರ ಅದು ಹೆಂಗ ಬರತೈತೋ ತಮ್ಮಾ? ನನ್ನ ಕುರೀನೂ ಆ ಕಡಿ ಬಿಟ್ಟಿಲ್ಲ ನಾ. ತತ್ತಿ ಬೇಯ್ತಾವ. ಏಳು ಮ್ಯಾಲ.’

ಎದ್ದೆ. ಮನೆಗೆ ಬಂದು ಮಾನಿಟರ್‌ನಲ್ಲಿ ನೋಡಿದರೆ 140 ಫ್ರೇಮ್‌ಗಳಲ್ಲಿ ಒಂದೂ ಶಾರ್ಪ್ ಇಲ್ಲ. ಫೋಕಸ್ ತಪ್ಪಿರಲಿಲ್ಲ, ಕೈಯೂ ನಡುಗಿರಲಿಲ್ಲ. ಕಾದ ನೆಲದಿಂದ ಏಳುವ ಬಿಸಿಗಾಳಿ ಲೆನ್ಸಿಗೂ ಹಕ್ಕಿಗೂ ನಡುವೆ ಕುಣಿಯುತ್ತಿತ್ತು. ನಮ್ಮ ಹಿರಿಯರು ಬಿಸಿಲುಗುದುರೆ ಅಂದದ್ದು ಇದರ ಬಂಧುವನ್ನೇ. ಎಷ್ಟೇ ದುಬಾರಿ ಲೆನ್ಸ್ ಆದರೂ ಅಲೆಯಾಡುವ ಗಾಳಿಯ ಮೂಲಕವೇ ನೋಡಬೇಕು. ದೂರ ಹೆಚ್ಚಿದಷ್ಟೂ ಚಿತ್ರ ಕರಗುತ್ತದೆ, ಸಾಫ್ಟ್‌ವೇರಿನಲ್ಲಿ ಅದಕ್ಕೆ ಮದ್ದಿಲ್ಲ. ಅಂದರೆ, ಆ ಮಧ್ಯಾಹ್ನ ಅಲ್ಲಿ ಫೋಟೋ ಇರಲೇ ಇಲ್ಲ. ಇದ್ದದ್ದು ನಾಲ್ಕು ಮೊಟ್ಟೆ, ಒಂದು ನೆರಳು. ಆ ನೆರಳನ್ನು ನಾನು ಎಬ್ಬಿಸಿದ್ದೆ.

ಲೆಕ್ಕ ಸರಳ. ಕಾವಿಗೆ ಕೂತ ಹಕ್ಕಿ ಮೊಟ್ಟೆಯನ್ನು ಸುಮಾರು 37-38 ಡಿಗ್ರಿಯಲ್ಲಿ ಇಟ್ಟುಕೊಳ್ಳುತ್ತದೆ. 40 ದಾಟಿ ಏರುತ್ತ ಹೋದರೆ ಒಳಗಿನ ಜೀವಕ್ಕೆ ಅಪಾಯ. ಕೊಪ್ಪಳ ಜಿಲ್ಲೆಯ ಏಪ್ರಿಲ್-ಮೇ ತಿಂಗಳಲ್ಲಿ ಗಾಳಿಯೇ 40 ಮುಟ್ಟುತ್ತದೆ, ಬಿಸಿಲಿಗೆ ಬಿದ್ದ ಕಲ್ಲು ಅದಕ್ಕಿಂತ ಎಷ್ಟೋ ಹೆಚ್ಚು ಸುಡುತ್ತದೆ. ಟಿಟ್ಟಿಭಗಳು ನೀರಿಗೆ ಹೋಗಿ ಹೊಟ್ಟೆಯ ಪುಕ್ಕ ತೋಯಿಸಿಕೊಂಡು ಬಂದು ಮೊಟ್ಟೆ ತಂಪು ಮಾಡುವುದು ಇದಕ್ಕೇ. ನಮಗೆ ಅದು ಐದು ನಿಮಿಷ. ಮೊಟ್ಟೆಗೆ ಅದು ಬಾಣಲೆ.

ಇನ್ನು ಉಳಿದವರ ಸುದ್ದಿ. ಗಂಗಾವತಿ ತಾಲ್ಲೂಕಿನ ಆನೆಗೊಂದಿ ಬೆಟ್ಟಗಳ ಬಂಡೆ, ಕುರುಚಲು ಕಾಡಿನಲ್ಲಿ ಹಳದಿ ಕೊರಳಿನ ಪಿಕಳಾರ ಇದೆ. ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ, ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಯಲ್ಲಿರುವ ಹಕ್ಕಿ. ಒಂದು ಜುಲೈ ಬೆಳಗ್ಗೆ, ತುಂತುರು ಮಳೆ, ಮೋಡ, ಮಂಕು ಬೆಳಕು. ಐದಾರು ಜನರ ಗುಂಪೊಂದು ಬ್ಲೂಟೂತ್ ಸ್ಪೀಕರ್ ಬಂಡೆ ಮೇಲಿಟ್ಟು ಅದೇ ಹಕ್ಕಿಯ ಕೂಗನ್ನು ಮತ್ತೆ ಮತ್ತೆ ಹಾಕುತ್ತಿತ್ತು. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿತು ಅಂದುಕೊಂಡ ಹಕ್ಕಿ ಮೇವು ಬಿಟ್ಟು, ಮಳೆಯಲ್ಲಿ ನೆನೆಯುತ್ತ, ಇಲ್ಲದ ವೈರಿಯನ್ನು ಹುಡುಕುತ್ತಿತ್ತು. ಕೊಂಬೆ ಮೇಲೆ ಕೂತ ತಕ್ಷಣ ಫ್ಲ್ಯಾಷ್. ‘ಲೈಟ್ ಇಲ್ವಲ್ಲ ಬ್ರೋ, ಏನ್ ಮಾಡೋದು’ ಅಂತ ಒಬ್ಬ ನನಗೆ ಸಮಜಾಯಿಷಿ ಕೊಟ್ಟ. ಏನೂ ಮಾಡದೆ ಇರೋದು, ಬ್ರೋ. ಅದೂ ಒಂದು ಆಯ್ಕೆ.

ಚಳಿಗಾಲದಲ್ಲಿ ಮುನಿರಾಬಾದ್ ಕಡೆಯ ತುಂಗಭದ್ರಾ ಹಿನ್ನೀರಿಗೆ ಪಟ್ಟೆ ತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ರಾತ್ರಿ ಹೊಲಗಳಲ್ಲಿ ಮೇಯ್ದು ಹಗಲು ನೀರಿನ ಅಂಚಿನಲ್ಲಿ ವಿಶ್ರಮಿಸುವ ಹಕ್ಕಿ ಅದು. ಮಂಜು ಕರಗುವ ತನಕ ಕಾಯುವ ತಾಳ್ಮೆ ಇಲ್ಲದೆ, ‘ಫ್ಲೈಟ್ ಶಾಟ್’ ಬೇಕು ಅಂತ ಅದನ್ನು ಎಬ್ಬಿಸಿದರೆ, ನೌಕರ ಮಲಗಿದಾಗ ಮನೆ ಬಾಗಿಲು ಬಡಿದಂತೆ.

‘ಚಾಲೆಂಜಿಂಗ್ ವೆದರ್’ ಅಂತ ಅಡಿಬರಹ ಹಾಕ್ತೀವಲ್ಲ, ಚಾಲೆಂಜ್ ಯಾರಿಗೆ? ನಮಗೆ ಬೆವರು, ಕೆಸರು, ಸ್ವಲ್ಪ ಹಸಿವು. ಹಕ್ಕಿಗೆ ಆ ದಿನ ಬದುಕುಳಿಯುವ ಪ್ರಶ್ನೆ. ಹವೆ ಕೆಟ್ಟಷ್ಟೂ ಅದರ ಕೈಲಿರುವ ಶಕ್ತಿ ಕಡಿಮೆ. ಸರಿಯಾಗಿ ಅದೇ ಹೊತ್ತಿಗೆ ನಾವು ಹತ್ತಿರ ಹೋಗ್ತೀವಿ, ಯಾಕಂದ್ರೆ ಬೆಳಕು ಸಾಲದು. ಬೆಳಕಿನ ಕೊರತೆಯನ್ನು ಹಕ್ಕಿಯ ಜೇಬಿನಿಂದ ತುಂಬಿಸೋದು ಕಲೆಯಲ್ಲ, ವಸೂಲಿ.

ಇದಕ್ಕೆ ಎರಡು ಉತ್ತರ ಬರುತ್ತವೆ. ಒಂದು: ‘ಗಿಣಿಗೇರಿ ಕಡೆ ಕಾರ್ಖಾನೆ ಹೊಗೆ, ಕುಷ್ಟಗಿ ಕಡೆ ಗ್ರಾನೈಟ್ ಕ್ವಾರಿ, ಅವರನ್ನು ಕೇಳಿ, ನಮ್ಮ ಐದು ನಿಮಿಷ ಯಾಕೆ ಎಣಿಸ್ತೀರಿ?’ ಅವರನ್ನೂ ಕೇಳಬೇಕು, ಖಂಡಿತ. ಆದರೆ ಕ್ವಾರಿಯವನು ತಾನು ಹಕ್ಕಿ ಪ್ರೇಮಿ ಅಂತ ಎಲ್ಲೂ ಬರೆದುಕೊಂಡಿಲ್ಲ. ನಾವು ಬರೆದುಕೊಂಡಿದ್ದೇವೆ. ಕಾನೂನೂ ನಮ್ಮನ್ನು ಬಿಟ್ಟಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ ಎಂಬ ಪದಕ್ಕೆ ಕೊಡುವ ಅರ್ಥದಲ್ಲಿ ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಆ ಏಪ್ರಿಲ್ ಮಧ್ಯಾಹ್ನ ನನ್ನ ಕೈಲಿದ್ದದ್ದು ಕ್ಯಾಮೆರಾ, ನಾನು ಮಾಡಿದ್ದು ಬೇಟೆ.

ಎರಡನೇ ಉತ್ತರ: ‘ಫೋಟೋ ಇಲ್ಲದೆ ಸಂರಕ್ಷಣೆ ಹೇಗೆ ಸಾರ್?’ ಒಪ್ಪಿದೆ. ಪಕ್ಕದ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, 2024ರಲ್ಲಿ ರಾಮ್‌ಸಾರ್ ತಾಣವೂ ಆಯಿತು. ಇಂಥ ಕಡೆ ಹಕ್ಕಿಗಳ ದಾಖಲೆಗೆ ಬೆಲೆ ಇದೆ. ಆದರೆ ದಾಖಲೆಗೆ ಬೇಕಾದದ್ದು ಗುರುತು ಸಿಗುವ ಚಿತ್ರ. ಕಣ್ಣಿನ ರೆಪ್ಪೆ ಎಣಿಸುವ ಚಿತ್ರ ಬೇಕಿರೋದು ನಮ್ಮ ಲೈಕುಗಳಿಗೆ.

ಹಾಗಂತ ಕ್ಯಾಮೆರಾ ಮಾರಿಬಿಡಿ ಅಂತ ನಾನು ಹೇಳ್ತಿಲ್ಲ. ಈ ನಾಡಿನ ಕೆಟ್ಟ ಹವೆಯಲ್ಲೇ ಒಳ್ಳೆ ಚಿತ್ರಗಳಿವೆ, ದೂರದಲ್ಲಿ ನಿಂತವರಿಗೆ. ಮೋಡದ ಬೆಳಕಿನಲ್ಲಿ ಗಡಸು ನೆರಳಿಲ್ಲ, ಪಿಕಳಾರದ ಹಳದಿ ಅದರಲ್ಲೇ ಚೆನ್ನ. ಐಎಸ್‌ಓ 6400ಕ್ಕೆ ಏರಿಸಿ, ಒಂದಿಷ್ಟು ಕಾಳು ಕಾಳಾಗಿ ಬಂದರೆ ಬರಲಿ. ಗಂಗಾವತಿಯ ಭತ್ತದ ಗದ್ದೆ ಮೇಲೆ ಕಪ್ಪು ಮೋಡ, ಎದುರಿಗೆ ಬೆಳ್ಳಕ್ಕಿ: ಕ್ಯಾಮೆರಾ ಕಪ್ಪನ್ನು ನೋಡಿ ಬೆಳಕು ಹೆಚ್ಚಿಸಲು ಹೋಗುತ್ತದೆ, ನೀವು ಒಂದು ಸ್ಟಾಪ್ ಇಳಿಸಿ, ಬಿಳಿ ಸುಟ್ಟು ಹೋಗಲ್ಲ. ಗಾಳಿ ಜೋರಿದ್ದರೆ ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ಹಕ್ಕಿಗಳು ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ, ಅಂದರೆ ನಿಮ್ಮ ಕಡೆ ಮುಖ ಮಾಡಿ. ಯಲಬುರ್ಗಾದ ಎರೆ ಹೊಲದಲ್ಲಿ ಕಡಲೆ ಬೆಳೆಯ ಮೇಲೆ ತೇಲುವ ಸೆಳೆವ ಹಕ್ಕಿಯನ್ನು ಹಾಗೆ ಕಾಯಬಹುದು. ಸಂಜೆ ಕುರಿ ಹಿಂಡು ಎಬ್ಬಿಸುವ ಧೂಳಿಗೆ ಹಿಂದಿನಿಂದ ಬೆಳಕು ಬಿದ್ದರೆ ಹಕ್ಕಿ ಬರೀ ನೆರಳಾದರೂ ಸಾಕು. ಬೇಸಿಗೆಯಲ್ಲಿ ಬೆಳಗ್ಗೆ ಒಂಬತ್ತಕ್ಕೆ ಲೆನ್ಸಿಗೆ ಮುಚ್ಚಳ. ಗೂಡಿನ ಫೋಟೋ ಬೇಡ, ಸ್ಪೀಕರ್ ಬೇಡ, ಜಾಗದ ಲೊಕೇಶನ್ ಅಂತೂ ಬೇಡವೇ ಬೇಡ.

ನದಿ ಆಚೆಯ ಸಂಡೂರಿನಲ್ಲಿ ಎಂ.ವೈ. ಘೋರ್ಪಡೆ ಇದ್ದರು. ರಾಜ್ಯದ ಹಣಕಾಸು ಸಚಿವರಾಗಿದ್ದವರು, ಜೊತೆಗೆ ದೊಡ್ಡ ವನ್ಯಜೀವಿ ಛಾಯಾಗ್ರಾಹಕರು. ಕಪ್ಪು-ಬಿಳುಪಿನಲ್ಲಿ ಹೆಸರು ಮಾಡಿದ ಅವರ ಪುಸ್ತಕದ ಹೆಸರು ‘ಸನ್‌ಲೈಟ್ ಅಂಡ್ ಶ್ಯಾಡೋಸ್’. ಬಿಸಿಲಿನಷ್ಟೇ ನೆರಳಿಗೂ ಅದರಲ್ಲಿ ಜಾಗ. ಫಿಲ್ಮ್ ಕಾಲದಲ್ಲಿ ಒಂದು ರೋಲಿಗೆ 36 ಫ್ರೇಮು. ಕ್ಲಿಕ್ ಮಾಡುವ ಮೊದಲು ಯೋಚಿಸಲೇಬೇಕಿತ್ತು. ಸೆಕೆಂಡಿಗೆ 20 ಫ್ರೇಮ್ ಹೊಡೆಯುವ ನಮ್ಮ ಕ್ಯಾಮೆರಾ ಅಷ್ಟನ್ನು ಎರಡು ಸೆಕೆಂಡಿನೊಳಗೆ ಮುಗಿಸುತ್ತದೆ. ಯೋಚನೆಯನ್ನು ಯಾವ ಕಂಪನಿಯೂ ಒಳಗೆ ಹಾಕಿ ಕೊಡಲ್ಲ.

ಆ 140 ಫ್ರೇಮ್‌ಗಳನ್ನು ನಾನು ಅಳಿಸಿಲ್ಲ. ಬೇಸಿಗೆ ಬಂದಾಗ ಒಮ್ಮೆ ತೆಗೆದು ನೋಡ್ತೀನಿ. ಒಂದರಲ್ಲಿ ಕಲ್ಲುಗಳ ನಡುವೆ ನಾಲ್ಕು ಮೊಟ್ಟೆ ಮಸುಕು ಮಸುಕಾಗಿ ಕಾಣುತ್ತವೆ. ಆಮೇಲೆ ಅವು ಏನಾದವು ಅಂತ ನೋಡಲು ನಾನು ಹೋಗಲಿಲ್ಲ. ಭಾನುವಾರ ರಾತ್ರಿ ರೈಲಿತ್ತು.