ತರಬೇತಿಗೆ ಹಣ ಕಟ್ಟುವ ಮುನ್ನ

ಆರ್.ಟಿ. ನಗರದ ನಮ್ಮ ಮನೆಗಳಿಗೂ ನಾಗವಾರದ ಮಾನ್ಯತಾ ಟೆಕ್ ಪಾರ್ಕಿಗೂ ನಡುವೆ ಇರುವುದು ಕೆಲವೇ ಕಿಲೋಮೀಟರುಗಳ ಅಂತರ. ಆದರೂ ಬಿ.ಸಿ.ಎ., ಡಿಪ್ಲೊಮಾ ಮುಗಿಸಿದ ನಮ್ಮ ಅನೇಕ ಮಕ್ಕಳಿಗೆ ಅದನ್ನು ದಾಟಲಾಗುತ್ತಿಲ್ಲ. ಪದವಿಯ ನಂತರ ಒಂದು ಕೋರ್ಸು, ಅದರ ನಂತರ ಮತ್ತೊಂದು. ತಾಯಿಯ ಒಡವೆ ಅಡವಿಟ್ಟು ಸೇರಿದ ‘ಉದ್ಯೋಗ ಖಾತರಿ’ಯ ತರಬೇತಿಯಿಂದ ಎಷ್ಟೋ ಸಲ ದಕ್ಕುವುದು ಇನ್ನೊಂದು ಪ್ರಮಾಣಪತ್ರ ಮಾತ್ರ.

ಪ್ರವಾದಿ ಮೂಸಾ(ಅ) ಮದ್ಯನ್‌ಗೆ ಬಂದಾಗ ಅವರ ಕೈಯಲ್ಲಿ ಯಾರ ಶಿಫಾರಸೂ ಇರಲಿಲ್ಲ. ನೀರಿನ ಬಳಿ ಕಾದು ನಿಂತಿದ್ದ ಇಬ್ಬರು ಯುವತಿಯರ ಕುರಿಗಳಿಗೆ ಅವರು ನೀರುಣಿಸಿದರು. ಅದನ್ನು ಕಣ್ಣಾರೆ ಕಂಡ ಮಗಳೇ ಅವರನ್ನು ಕೆಲಸಕ್ಕಿಟ್ಟುಕೊಳ್ಳುವಂತೆ ತಂದೆಗೆ ಸಲಹೆ ಕೊಟ್ಟಳು. (ಮಗಳ ಮಾತಿಗೆ ಆ ಮನೆಯಲ್ಲಿ ಬೆಲೆಯಿತ್ತು ಎಂಬುದನ್ನು ನಾವು ಮರೆಯಬಾರದು.)

ಕೆಲಸವನ್ನು ಹೀಗೆ ಮಾಡಿ ತೋರಿಸುವ ಅವಕಾಶವನ್ನು ನಮ್ಮ ದೇಶದ ಕಾನೂನೂ ಕಲ್ಪಿಸಿದೆ. 1961ರ ಅಪ್ರೆಂಟಿಸ್ ಕಾಯ್ದೆಯ ವ್ಯಾಪ್ತಿಗೆ 1973ರಲ್ಲಿ ಇಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾ ಪಡೆದವರೂ ಬಂದರು. 2014ರ ತಿದ್ದುಪಡಿಯಿಂದ ಇತರ ಪದವೀಧರರಿಗೂ ಬಾಗಿಲು ತೆರೆಯಿತು. 30 ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳು ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆಂಬುದು ನಿಯಮ. ಎಂದರೆ, ಸಾವಿರ ಜನರ ಕಂಪನಿಯಲ್ಲಿ ಕನಿಷ್ಠ 25 ಸ್ಥಾನಗಳು. ಅಲ್ಲಿ ಕಲಿಯುವವನು ಶುಲ್ಕ ಕಟ್ಟುವುದಿಲ್ಲ; ಅವನಿಗೇ ಸ್ಟೈಪೆಂಡ್ ಸಿಗುತ್ತದೆ. ಯಶವಂತಪುರದಾಚೆಯ ಪೀಣ್ಯದ ಕಾರ್ಖಾನೆಗಳಿಗೂ ಇದೇ ನಿಯಮ ಅನ್ವಯಿಸುತ್ತದೆ.

ಸ್ಟೈಪೆಂಡ್ ಅಲ್ಪ, ಒಪ್ಪುತ್ತೇವೆ. ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಬಾಧ್ಯತೆಯೂ ಕಂಪನಿಗಿಲ್ಲ. “ಒಂದು ಸ್ಕೂಟರ್ ಕೊಡಿಸಿದರೆ ಊಟ ತಲುಪಿಸಿಯೇ ಇದಕ್ಕಿಂತ ಹೆಚ್ಚು ದುಡಿಯುತ್ತಾನೆ” ಎನ್ನುವ ತಂದೆಯ ಮಾತನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅದೂ ಹಲಾಲ್ ಸಂಪಾದನೆಯೇ. ಬಾಡಿಗೆಯ ದಿನ ಯಾರಿಗಾಗಿಯೂ ಕಾಯುವುದಿಲ್ಲ. ಆದರೆ ಓದಿದ್ದನ್ನು ಎರಡು ವರ್ಷ ಬಳಸದೆ ಬಿಟ್ಟ ಹುಡುಗನಿಗೆ ಮತ್ತೆ ಆ ಬಾಗಿಲು ತಟ್ಟುವುದು ಬಹಳ ಕಷ್ಟ. ಅಡವಿನ ಹಣವನ್ನು ಕೋರ್ಸಿಗೆ ಸುರಿಯುವ ಬದಲು, ಆ ಒಂದು ವರ್ಷ ಮನೆ ತೂಗಿಸಲು ಬಳಸುವುದೇ ವಿವೇಕವೆಂದು ನಮಗೆ ತೋರುತ್ತದೆ.

ನಮ್ಮ ಮಸೀದಿಗಳ ಸಮಿತಿಗಳು ವಿದ್ಯಾರ್ಥಿವೇತನದ ಅರ್ಜಿಗಳನ್ನು ತುಂಬಿಸಿಕೊಡುವಂತೆಯೇ, ಜುಮಾದ ನಂತರ ಕೇಂದ್ರ ಸರ್ಕಾರದ ಅಪ್ರೆಂಟಿಸ್ ಜಾಲತಾಣಗಳಲ್ಲಿ ನೋಂದಣಿಗೂ ನೆರವಾಗಲಿ. ಹೆಣ್ಣುಮಕ್ಕಳ ಹೆಸರನ್ನೂ ಬರೆಸಲಿ. ಇನ್ನು ಯಾವುದೇ ಸಂಸ್ಥೆ ತರಬೇತಿಯ ಹೆಸರಿನಲ್ಲಿ ಹಣ ಕೇಳಿದರೆ ತಂದೆತಾಯಂದಿರು ರಸೀದಿಗೆ ಮೊದಲು ಇವನ್ನು ಕೇಳಲಿ: ಯಾವ ಕಂಪನಿಯಲ್ಲಿ, ಎಷ್ಟು ತಿಂಗಳು, ಯಾರ ಕೈಕೆಳಗೆ ನಮ್ಮ ಮಗು ಕೆಲಸ ಮಾಡುತ್ತದೆ? ಆ ಒಪ್ಪಂದ ಎಲ್ಲಿ ನೋಂದಣಿಯಾಗಿದೆ?